ಉಳಿದಿರುವ ಎರಡು ಎಕರೆ ಗದ್ದೆಗೂ ಅಡಿಕೆ ಸಸಿ ಇಡಬೇಕೇ?

ಗದ್ದೆಬದಿಯವನು (ಸೊರಬ ತಾಲ್ಲೂಕು), ಜೂನ್ 2025

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿನಿಂದ ನಮ್ಮ ಮನೆಯ ಜಗಲಿಯಲ್ಲಿ ನಡೆಯುತ್ತಿರುವ ವಾದವನ್ನು ಇಲ್ಲಿಗೆ ತರುತ್ತಿದ್ದೇನೆ, ಏಕೆಂದರೆ ಮನೆಯೊಳಗೆ ಅದು ಬಗೆಹರಿಯುವ ಲಕ್ಷಣ ಕಾಣುತ್ತಿಲ್ಲ. ನಮಗೆ ಒಂದು ಎಕರೆ ಹಳೆಯ ಅಡಿಕೆ ತೋಟವಿದೆ, ಅದರ ಕೆಳಗೆ ಎರಡು ಎಕರೆ ಗದ್ದೆಯಿದೆ. ಸುತ್ತಲಿನ ಮೂರು ಕಡೆಯ ಗದ್ದೆಗಳು ಕಳೆದ ಆರೇಳು ವರ್ಷಗಳಲ್ಲಿ ತೋಟಗಳಾಗಿವೆ. ಪಕ್ಕದವರು ಸಸಿ ಇಡುವಾಗ ಮೂರಡಿ ಆಳದ ಬಸಿಗಾಲುವೆ ತೆಗೆಸಿದರು. ಅಂದಿನಿಂದ ನಾನು ಸಂಜೆ ಕಟ್ಟಿ ನಿಲ್ಲಿಸಿದ ನೀರು ಬೆಳಗಾಗುವಷ್ಟರಲ್ಲಿ ಬದುವಿನ ಏಡಿ ಬಿಲಗಳ ಮೂಲಕ ಅವರ ಕಾಲುವೆಗೆ ಇಳಿದುಹೋಗಿರುತ್ತದೆ. ಅವರ ತೋಟದ ನೆರಳು ಮಧ್ಯಾಹ್ನ ಮೂರರ ನಂತರ ನನ್ನ ಎರಡು ಮಡಿಗಳ ಮೇಲೆ ಬೀಳುತ್ತದೆ.

ತಮ್ಮನ ಮಾತು ಸರಳವಾಗಿದೆ: ಭತ್ತದಲ್ಲಿ ಏನೂ ಉಳಿಯುವುದಿಲ್ಲ, ಈ ವರ್ಷವೇ ಮಣ್ಣು ಏರಿಸಿ ಸಸಿ ಇಡೋಣ ಎನ್ನುತ್ತಾನೆ. ನನ್ನ ಹಿಂಜರಿಕೆಗೆ ಕಾರಣ ಹಳೆಯ ತೋಟವೇ. ಅಲ್ಲಿ ಮೂರು ವರ್ಷದಿಂದ ಎಲೆಚುಕ್ಕಿ ರೋಗವಿದೆ. ಈ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತು, 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ಮರ ಹತ್ತಿ ಔಷಧಿ ಸಿಂಪಡಿಸುವ ಕೊನೆಗಾರನಿಗೆ ನಾನು ಬರಹೇಳಿದ್ದು ಜೂನ್ ಮೊದಲ ವಾರಕ್ಕೆ. ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತದ ಚೀಲವನ್ನು ಬಿಚ್ಚುವ ಮೊದಲೇ ಮರದ ತುದಿಯಿಂದ ನೀರು ಇಳಿಯತೊಡಗಿತ್ತು. ಮಳೆಯೇ ಹೀಗೆ ಹಾದಿ ತಪ್ಪಿರುವಾಗ, ನಲವತ್ತು ವರ್ಷ ನಿಲ್ಲಬೇಕಾದ ಮರವನ್ನು ಹೊಸದಾಗಿ ನೆಡುವುದು ವಿವೇಕವೇ? ಅನುಭವವಿರುವವರು ದಯವಿಟ್ಟು ಹೇಳಬೇಕು.

ಕೆಂಪಡಿಕೆ

ಇಡಿ. ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ.

ಲೆಕ್ಕದ ಪುಸ್ತಕ (ಸಾಗರ)

ಮೇಲಿನವರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ, ನಾನು ಲೆಕ್ಕ ಕೊಡುತ್ತೇನೆ. ಕಳೆದ ವರ್ಷ ನಮ್ಮ ಒಂದು ಎಕರೆ ಮಳೆಯಾಶ್ರಿತ ಗದ್ದೆಯಲ್ಲಿ 16 ಕ್ವಿಂಟಾಲ್ ಭತ್ತ ಬಂದಿತು. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಘೋಷಿಸಿರುವ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಆ ದರ ಪೂರ್ತಿ ಸಿಕ್ಕಿದರೂ ಕೈಗೆ ಬರುವುದು 38,000 ರೂಪಾಯಿಗೆ ಸ್ವಲ್ಪ ಕಡಿಮೆ. ಉಳುಮೆ, ನಾಟಿ, ಕಳೆ, ಕೊಯ್ಲು, ಗೊಬ್ಬರ ಎಲ್ಲ ಸೇರಿ ನನಗೆ 31,000 ರೂಪಾಯಿ ಖರ್ಚಾಗಿದೆ, ನನ್ನ ಮತ್ತು ಹೆಂಡತಿಯ ದುಡಿಮೆಯನ್ನು ಇದರಲ್ಲಿ ಸೇರಿಸಿಲ್ಲ. ಹಂದಿ ತಿಂದದ್ದನ್ನೂ ಸೇರಿಸಿಲ್ಲ. ಅದೇ ಒಂದು ಎಕರೆ ತೋಟದಲ್ಲಿ 8 ಕ್ವಿಂಟಾಲ್ ಒಣ ಅಡಿಕೆ ಬಂದರೂ ಭತ್ತದ ಎಷ್ಟೋ ಪಟ್ಟು ಹಣವಾಗುತ್ತದೆ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಪರಿಸರದ ಹೆಸರಿನಲ್ಲಿ ಭತ್ತ ಬೆಳೆಯಿರಿ ಎಂದು ಉಪದೇಶಿಸುವವರು ಈ ಅಂತರವನ್ನು ತಮ್ಮ ಜೇಬಿನಿಂದ ತುಂಬಿಕೊಡುತ್ತಾರೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಒಣನೆಲ (ಚನ್ನಗಿರಿ)

ಲೆಕ್ಕದ ಪುಸ್ತಕದವರ ಲೆಕ್ಕದಲ್ಲಿ ನೀರು ಎಂಬ ಕಾಲಂ ಇಲ್ಲ. ನಾವೂ ಹದಿನೈದು ವರ್ಷದ ಹಿಂದೆ ಹೀಗೆಯೇ ಬರೆದುಕೊಂಡಿದ್ದೆವು. ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ ಹಿಡಿಯುತ್ತವೆ. ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕೆಂದು ಸಂಶೋಧನಾ ಕೇಂದ್ರದವರು ಹೇಳುತ್ತಾರೆ. ಅಂದರೆ ಎಕರೆಗೆ ದಿನಕ್ಕೆ ಹತ್ತಿರ ಹತ್ತಿರ 10,000 ಲೀಟರ್. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಮುಂದಿನ ಬೇಸಿಗೆಯಲ್ಲಿ, 2024ರ ಮಾರ್ಚ್‌ನಲ್ಲಿ, ನಮ್ಮ ಎರಡೂ ಕೊಳವೆಬಾವಿಗಳು ಗಾಳಿ ಉಗುಳತೊಡಗಿದವು. ಆರು ಸಾವಿರ ಲೀಟರಿನ ಟ್ಯಾಂಕರ್ ತರಿಸಿ, ಮರಗಳ ಬುಡಕ್ಕೆ ಕೊಳವೆಯಲ್ಲಿ ಬಿಡುತ್ತಾ ನಾನೂ ನನ್ನ ಮಗನೂ ರಾತ್ರಿ ಎರಡರವರೆಗೆ ನಿಂತಿರುತ್ತಿದ್ದೆವು. ದಿನ ಬಿಟ್ಟು ದಿನ ಒಂದು ಟ್ಯಾಂಕರ್ ಹಾಕಿದರೂ ಮರ ಸಾಯದೆ ಉಳಿಯಿತೇ ಹೊರತು ಫಸಲು ಉಳಿಯಲಿಲ್ಲ. ಭತ್ತ ಬೆಳೆಯುತ್ತಿದ್ದ ಕಾಲದಲ್ಲಿ ಮಳೆ ಕೈಕೊಟ್ಟರೆ ಆ ವರ್ಷ ಬಿತ್ತದೆ ಬಿಡುತ್ತಿದ್ದೆವು. ಮರವನ್ನು ಹಾಗೆ ಬಿಡಲಾಗುವುದಿಲ್ಲ.

ಕೆಂಪಡಿಕೆ

ಬಯಲುಸೀಮೆಯವರು ಅಡಿಕೆ ಹಾಕಬಾರದಿತ್ತು. ನಿಮ್ಮಿಂದಲೇ ನಮ್ಮ ದರ ಬೀಳುತ್ತಿರುವುದು.

ಒಣನೆಲ (ಚನ್ನಗಿರಿ)

ಅಡಿಕೆ ಮಲೆನಾಡಿಗೆ ಬರೆದುಕೊಟ್ಟ ಜಹಗೀರಲ್ಲ. ನಮ್ಮಲ್ಲಿ ಭದ್ರಾ ನಾಲೆ ಬಂದು ಅರವತ್ತು ವರ್ಷ ದಾಟಿದೆ, ಚನ್ನಗಿರಿಯ ಅಡಿಕೆ ಅದಕ್ಕೂ ಹಿಂದಿನದು.

ನಾಲೆಯ ಕೊನೆ (ದಾವಣಗೆರೆ)

ಒಣನೆಲ ಅವರಿಗೆ ಒಂದು ತಿದ್ದುಪಡಿಯನ್ನು ವಿನಯದಿಂದಲೇ ಹೇಳುತ್ತೇನೆ. ಒಟ್ಟು ಪ್ರಮಾಣವನ್ನು ನೋಡಿದರೆ ಭತ್ತವೇ ಹೆಚ್ಚು ನೀರು ಕುಡಿಯುತ್ತದೆ. ನಾಲೆಯ ಕೆಳಗೆ ಒಂದು ಎಕರೆ ಭತ್ತಕ್ಕೆ ಒಟ್ಟು 1,200 ಮಿಲಿಮೀಟರ್ ಎತ್ತರದಷ್ಟು ನೀರು ಎಂದು ಹಿಡಿದರೂ ಸುಮಾರು 48 ಲಕ್ಷ ಲೀಟರ್ ಆಗುತ್ತದೆ. ನಿಮ್ಮದೇ ಲೆಕ್ಕದಲ್ಲಿ ಅಡಿಕೆಗೆ ಐದು ತಿಂಗಳಿಗೆ 15 ಲಕ್ಷ ಲೀಟರ್ ಸಾಕು. ಆದ್ದರಿಂದ ಅಡಿಕೆ ನೀರುಬಾಕ ಎಂದು ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ವ್ಯತ್ಯಾಸವಿರುವುದು ತಿಂಗಳಿನಲ್ಲಿ. ಮಳೆಗಾಲದ ಭತ್ತ ಆಕಾಶದಲ್ಲಿ ನೀರಿರುವಾಗ ಕೇಳುತ್ತದೆ, ಅಡಿಕೆ ಏಪ್ರಿಲಿನಲ್ಲಿ ಭೂಮಿಯೊಳಗೂ ನೀರಿಲ್ಲದಿರುವಾಗ ಕೇಳುತ್ತದೆ. 2024ರ ಬೇಸಿಗೆಯಲ್ಲಿ ಭದ್ರಾ ಅಣೆಕಟ್ಟಿನ ನೀರು ಸಾಲದೆ ಹೋದಾಗ ನಾಲೆಯ ಕೊನೆಯಲ್ಲಿರುವ ನಾವು ಬೇಸಿಗೆ ಭತ್ತವನ್ನು ನಾಟಿ ಮಾಡಲೇ ಇಲ್ಲ. ಇದ್ದ ನೀರನ್ನು ನಿಂತ ತೋಟಗಳಿಗೆ ಬಿಡಿ ಎಂಬ ಕೂಗು ಮೊದಲು ಎದ್ದಿತು, ಏಕೆಂದರೆ ತೋಟ ಸತ್ತರೆ ಹತ್ತು ವರ್ಷದ ಬದುಕೇ ಸಾಯುತ್ತದೆ. ಹಾಗೆಂದು ಒಂದೇ ನಾಲೆಯಲ್ಲಿ ತೋಟಗಾರನ ಹಕ್ಕು ಗದ್ದೆಯವನ ಹಕ್ಕಿಗಿಂತ ದೊಡ್ಡದಾಯಿತಲ್ಲ, ಅದು ನಮಗೆ ಈಗಲೂ ನುಂಗಲಾಗದ ತುತ್ತು.

ರೋಗಶಾಸ್ತ್ರದ ವಿದ್ಯಾರ್ಥಿ (ಶಿವಮೊಗ್ಗ)

ಪ್ರಶ್ನೆ ಕೇಳಿದವರು ಎಲೆಚುಕ್ಕಿ ಮತ್ತು ಬೋರ್ಡೋ ಸಿಂಪಡಣೆಯನ್ನು ಒಂದೇ ಉಸಿರಿನಲ್ಲಿ ಹೇಳಿರುವುದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಅಡಿಕೆಗೆ ಇಂದು ಮೂರು ಬೇರೆ ಬೇರೆ ಕಾಟಗಳಿವೆ. ಕೊಳೆರೋಗಕ್ಕೆ ಕಾರಣ ಫೈಟಾಪ್ತೊರಾ ಎಂಬ ಸೂಕ್ಷ್ಮಜೀವಿ, ಅದು ಬಿಡುವಿಲ್ಲದ ಮಳೆ ಮತ್ತು ತಂಪಿನಲ್ಲಿ ಕಾಯಿಗೆ ತಗಲುತ್ತದೆ. ಶೇಕಡಾ 1ರ ಬೋರ್ಡೋ ದ್ರಾವಣ ಅದಕ್ಕೇ ಇರುವುದು: ಮುಂಗಾರು ಹಿಡಿಯುವ ಮೊದಲು ಒಂದು ಸಲ, ನಂತರ 40-45 ದಿನಕ್ಕೆ ಮತ್ತೊಂದು ಸಲ. ಎಲೆಚುಕ್ಕಿಗೆ ಕಾರಣ ಕೊಲೆಟೊಟ್ರೈಕಮ್, ಫಿಲೊಸ್ಟಿಕ್ಟಾ ಮೊದಲಾದ ಶಿಲೀಂಧ್ರಗಳು. ಅವು ಎಲೆಯಲ್ಲಿಯೇ ಉಳಿದು, ಮಳೆಯ ಹನಿಯ ಚಿಮ್ಮುವಿಕೆಯಿಂದ ಮತ್ತು ಗಾಳಿಯಿಂದ ತೋಟದಿಂದ ತೋಟಕ್ಕೆ ಹೋಗುತ್ತವೆ. ಆದ್ದರಿಂದ ಒಬ್ಬರೇ ಸಿಂಪಡಿಸಿದರೆ ಪ್ರಯೋಜನ ಕಡಿಮೆ. ಮೂರನೆಯದಾದ ಹಳದಿ ಎಲೆ ರೋಗ ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರುವುದು. ಶೃಂಗೇರಿ, ಕೊಪ್ಪ ಮತ್ತು ಸುಳ್ಯದ ಕಡೆಯವರಿಗೆ ಅದರ ಪರಿಚಯ ಬೇಡ. ಅದಕ್ಕೆ ಯಾವ ಸಿಂಪಡಣೆಯೂ ಮದ್ದಲ್ಲ.

ಇದನ್ನು ಹೇಳಲು ಕಾರಣವಿದೆ. ನಿಮ್ಮ ಗದ್ದೆ ಇರುವುದು ತಗ್ಗಿನಲ್ಲಿ, ಮೂರು ಕಡೆ ಈಗಾಗಲೇ ತೋಟ. ಗಾಳಿಯಾಡದ, ತೇವ ಆರದ ಅಂಥ ಜಾಗದಲ್ಲಿ ಹೊಸ ಸಸಿ ಇಟ್ಟರೆ, ಎಲೆಚುಕ್ಕಿಗೆ ಎಳೆಯ ಗರಿಗಳನ್ನು ನೀವೇ ತಟ್ಟೆಯಲ್ಲಿಟ್ಟು ಕೊಟ್ಟಂತೆ. ವಿಚಿತ್ರವೆಂದರೆ ಬಯಲುಸೀಮೆಯ ಒಣ ಹವೆಯಲ್ಲಿ ಈ ರೋಗಗಳು ಕಡಿಮೆ. ರೋಗವಿಲ್ಲದ ಕಡೆ ನೀರಿಲ್ಲ, ನೀರಿರುವ ಕಡೆ ರೋಗ ಬಿಡುವುದಿಲ್ಲ. ಕೆಂಪಡಿಕೆ ಮತ್ತು ಒಣನೆಲ ಇಬ್ಬರೂ ಜಗಳವಾಡುವ ಅಗತ್ಯವೇ ಇಲ್ಲ.

ಹಳೆಯ ಕೊಟ್ಟೆ (ತೀರ್ಥಹಳ್ಳಿ)

ವಿದ್ಯಾರ್ಥಿಯ ಬರಹ ಚೆನ್ನಾಗಿದೆ. ನನಗೆ ಎಪ್ಪತ್ತೆಂಟು ವರ್ಷ, ಆದ್ದರಿಂದ ಸ್ವಲ್ಪ ಹಿಂದಿನದನ್ನು ಸೇರಿಸುತ್ತೇನೆ. ಬೋರ್ಡೋ ಬರುವ ಮೊದಲು ನಮ್ಮವರು ಕೊಳೆ ತಡೆಯಲು ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಪ್ರತಿ ಗೊನೆಗೂ ಕೊಡೆಯಂತೆ ಕಟ್ಟುತ್ತಿದ್ದರು. ನನ್ನ ಅಜ್ಜ ಔಷಧಿ ಬಂದ ಮೇಲೂ ಮನೆಯ ಹತ್ತಿರದ ಇಪ್ಪತ್ತು ಮರಗಳಿಗೆ ಹಟದಿಂದ ಕೊಟ್ಟೆಯನ್ನೇ ಕಟ್ಟಿಸುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್ಮನ್ ಅವರು 1910ರ ಹೊತ್ತಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ನೂರು ವರ್ಷ ದಾಟಿದರೂ ನಾವು ಅದೇ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನಲ್ಲಿಯೇ ಇದ್ದೇವೆ. ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಈಗಿನ ಹುಡುಗರು ಅದನ್ನು ನೋಡದೆ ಸಿಂಪಡಿಸಿ, ಹಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟಿತೆಂದು ಔಷಧಿ ಅಂಗಡಿಯವನನ್ನು ಬೈಯುತ್ತಾರೆ.

ಮಳೆಯ ವಿಷಯಕ್ಕೆ ಬಂದರೆ, ನಾವು ರೋಹಿಣಿಯಲ್ಲಿ ಸಸಿಮಡಿ, ಆರಿದ್ರೆಯಲ್ಲಿ ಹೂಟಿ, ಪುನರ್ವಸು ಪುಷ್ಯದಲ್ಲಿ ನಾಟಿ ಎಂದು ಬದುಕಿದವರು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯನ್ನು 2023ರ ಆಗಸ್ಟಿನಲ್ಲಿ ನೆನೆದು ಆಕಾಶ ನೋಡಿದ್ದೇ ಬಂತು. ಮಗ ಊಟಕ್ಕೇ ಬರಲಿಲ್ಲ.

ಅನುಮಾನಿ

ಪ್ರತಿಯೊಂದಕ್ಕೂ ಹವಾಮಾನ ಬದಲಾವಣೆ ಎನ್ನುವುದು ಈಗ ಒಂದು ಫ್ಯಾಷನ್ ಆಗಿದೆ. 1923ರಲ್ಲಿ ನೇತ್ರಾವತಿ ಬಂಟ್ವಾಳವನ್ನು ಮುಳುಗಿಸಲಿಲ್ಲವೇ? 1974ರಲ್ಲಿ ಮತ್ತೆ ಮುಳುಗಿಸಲಿಲ್ಲವೇ? ಆಗ ಎಷ್ಟು ಕಾರುಗಳಿದ್ದವು? ಬರವೂ ನೆರೆಯೂ ಹಿಂದೆಯೂ ಇದ್ದವು. ರೈತ ತನ್ನ ತೋಟದ ಕಪ್ಪು (ಬಸಿಗಾಲುವೆ) ತೆಗೆಸದೆ, ಮೋಡದ ಮೇಲೆ ತಪ್ಪು ಹೊರಿಸುವುದು ಸುಲಭ.

ಮಳೆಮಾಪಕ (ಕೊಪ್ಪ)

ಅನುಮಾನಿಯವರ ಕೊನೆಯ ವಾಕ್ಯವನ್ನು ಒಪ್ಪುತ್ತೇನೆ, ಬಸಿಗಾಲುವೆ ತೆಗೆಸದ ತೋಟಕ್ಕೆ ಯಾವ ಹವಾಮಾನವೂ ಒಗ್ಗುವುದಿಲ್ಲ. ಆದರೆ ಮೊದಲಿನ ವಾದ ನಿಲ್ಲುವುದಿಲ್ಲ. ನೆರೆ ಹಿಂದೆಯೂ ಬಂದಿತ್ತೇ ಎಂಬುದಕ್ಕಿಂತ ಎಷ್ಟು ಸಲ, ಎಷ್ಟು ದಿನದಲ್ಲಿ, ಯಾವ ತಿಂಗಳಿನಲ್ಲಿ ಬರುತ್ತಿದೆ ಎಂಬುದನ್ನು ಕೇಳಬೇಕು. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿದುಕೊಳ್ಳಬಲ್ಲದು. ಅರಬ್ಬೀ ಸಮುದ್ರ ಬೆಚ್ಚಗಾಗುತ್ತಿದೆ. ಮಧ್ಯ ಭಾರತದಲ್ಲಿ ವ್ಯಾಪಕವಾಗಿ ಸುರಿಯುವ ಅತಿಭಾರಿ ಮಳೆಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟು ಹೆಚ್ಚಿವೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದು ಮಲೆನಾಡಿನ ಅಧ್ಯಯನವಲ್ಲ ಎಂಬುದನ್ನು ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ.

ನಮ್ಮ ಮನೆಯ ಅಂಗಳದಲ್ಲಿ ತಂದೆಯವರ ಕಾಲದಿಂದ ಮಳೆಮಾಪಕವಿದೆ, ಬೆಳಗ್ಗೆ ಎಂಟೂವರೆಗೆ ಅಳೆದು ಹಳೆಯ ಡೈರಿಯಲ್ಲಿ ಬರೆಯುವ ಅಭ್ಯಾಸವೂ ಮುಂದುವರಿದಿದೆ. ವರ್ಷದ ಮೊತ್ತವನ್ನು ಕೂಡಿದರೆ ಹಿಂದಿನದಕ್ಕಿಂತ ಬಹಳ ಭಿನ್ನವೇನೂ ಕಾಣುವುದಿಲ್ಲ. ಹಾಳೆ ತಿರುವಿ ದಿನ ದಿನದ್ದನ್ನು ನೋಡಿದರೆ ಸೊನ್ನೆಗಳ ಸಾಲು ಉದ್ದವಾಗಿದೆ, ನಡುವೆ ಒಂದೆರಡು ದಿನ ಪಾತ್ರೆಯೇ ಉಕ್ಕಿ ಹರಿದಿರುತ್ತದೆ. ತಂದೆಯವರ ಅಕ್ಷರದ ಪುಟಗಳಲ್ಲಿ ಜಿಟಿಜಿಟಿ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ನನ್ನ ಪುಟಗಳಲ್ಲಿ ಅದು ಅಪರೂಪ. ಇದು ಒಂದು ಮನೆಯ ಡೈರಿ ಅಷ್ಟೇ, ಆದರೆ ಸಿಂಪಡಣೆಗೆ ಎರಡು ಒಣ ದಿನ ಹುಡುಕುವವನಿಗೆ ಅಷ್ಟು ಸಾಕು.

ವಿಮೆ ಕಟ್ಟಿದವ (ಹೊಸನಗರ)

ಮಳೆಮಾಪಕದ ಮಾತು ಬಂದದ್ದರಿಂದ ನನ್ನ ಸಂಕಟವನ್ನೂ ಕೇಳಿ. ಅಡಿಕೆಗೆ ನಾವು ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುತ್ತೇವೆ. ನಷ್ಟ ತೀರ್ಮಾನವಾಗುವುದು ಗ್ರಾಮ ಪಂಚಾಯಿತಿಯಲ್ಲಿ ನಿಲ್ಲಿಸಿರುವ ಸ್ವಯಂಚಾಲಿತ ಮಳೆಮಾಪಕದ ಅಂಕಿಯಿಂದ. ಒಂದು ವರ್ಷ ನಮ್ಮ ತೋಟದಲ್ಲಿ ಅರ್ಧದಷ್ಟು ಕಾಯಿ ಕೊಳೆತು ನೆಲಕ್ಕೆ ಬಿದ್ದಿತ್ತು, ಪರಿಹಾರ ಮಾತ್ರ ಬರಲಿಲ್ಲ. ವಿಚಾರಿಸಿದಾಗ ಆ ದಿನಗಳಲ್ಲಿ ಅಲ್ಲಿ ಮಳೆಯೇ ದಾಖಲಾಗಿಲ್ಲ ಎಂದರು. ಹೋಗಿ ನೋಡಿದರೆ ಮಾಪಕದ ಬಾಯಿಗೆ ತರಗೆಲೆ ತುಂಬಿ, ಅದರೊಳಗೆ ಕಣಜದ ಹುಳು ಮನೆ ಮಾಡಿತ್ತು. ಫೋಟೋ ತೆಗೆದು ಕೊಟ್ಟೆ, ಅರ್ಜಿಯ ಜೊತೆ ಲಗತ್ತಿಸಿ ಎಂದರು, ಲಗತ್ತಿಸಿದೆ. ಎರಡು ಮಳೆಗಾಲ ಕಳೆದಿವೆ.

ಮಳೆಮಾಪಕ (ಕೊಪ್ಪ)

ನಿಮ್ಮ ಅಂಗಳದಲ್ಲಿಯೂ ಒಂದನ್ನು ಇಟ್ಟುಕೊಳ್ಳಿ. ಕಚೇರಿಯವರು ಒಪ್ಪುವುದಿಲ್ಲ, ಆದರೆ ವಾದಿಸುವಾಗ ಕೈಯಲ್ಲಿ ಒಂದು ಪುಸ್ತಕವಿರುತ್ತದೆ.

ಹಸಿರು ಓದುಗ (ಬೆಂಗಳೂರು)

ಭತ್ತದ ಗದ್ದೆಗಳಿಂದ ಮೀಥೇನ್ ಹೊರಬರುತ್ತದೆಯೆಂದೂ ಅದು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆಯೆಂದೂ ಓದಿದ್ದೇನೆ. ಹಾಗಾದರೆ ಗದ್ದೆಯನ್ನು ತೋಟ ಮಾಡುವುದೇ ಭೂಮಿಗೆ ಒಳ್ಳೆಯದಲ್ಲವೇ? ಮರಗಳು ಇಂಗಾಲವನ್ನೂ ಹೀರುತ್ತವೆ.

ರೋಗಶಾಸ್ತ್ರದ ವಿದ್ಯಾರ್ಥಿ (ಶಿವಮೊಗ್ಗ)

ಓದಿದ್ದು ಸರಿ, ತೀರ್ಮಾನಕ್ಕೆ ಆತುರಪಟ್ಟಿದ್ದೀರಿ. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಸ್ಯದ ಕಸವನ್ನು ಕೊಳೆಸುವಾಗ ಮೀಥೇನ್ ಹುಟ್ಟುತ್ತದೆ. ನಡುನಡುವೆ ನೀರನ್ನು ಬಸಿದು ಮಣ್ಣು ಸ್ವಲ್ಪ ಒಣಗಲು ಬಿಟ್ಟು ಮತ್ತೆ ನಿಲ್ಲಿಸಿದರೆ ಅದು ಗಣನೀಯವಾಗಿ ಇಳಿಯುತ್ತದೆ, ನೀರೂ ಉಳಿಯುತ್ತದೆ. ಪ್ರಶ್ನೆ ಕೇಳಿದವರ ಗದ್ದೆಯಿಂದ ಪಕ್ಕದವರ ಕಾಲುವೆ ಪ್ರತಿ ರಾತ್ರಿ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತಿದೆ ಎಂದು ತಮಾಷೆ ಮಾಡಬಹುದು. ಇನ್ನು ಮಳೆಗಾಲದಲ್ಲಿ ಒಂದೇ ಬೆಳೆ ಬೆಳೆಯುವ ಮಲೆನಾಡಿನ ಗದ್ದೆಯನ್ನು ವರ್ಷಕ್ಕೆ ಎರಡು ಬೆಳೆ ನೀರಿನಲ್ಲಿ ನಿಲ್ಲಿಸುವ ನಾಲೆಯ ಗದ್ದೆಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹುಲ್ಲುಮೆದೆ (ಸಿದ್ದಾಪುರ)

ಇಷ್ಟು ಜನ ಇಷ್ಟು ಲೆಕ್ಕ ಬರೆದಿರಿ, ಹುಲ್ಲಿನ ಲೆಕ್ಕವನ್ನು ಒಬ್ಬರೂ ಬರೆಯಲಿಲ್ಲ. ಕೊಟ್ಟಿಗೆಗೆ ಹೋಗುವುದು ಹೆಂಗಸರು ಎಂಬುದು ಕಾರಣವಿರಬೇಕು.

ನಮ್ಮ ಮನೆಯಲ್ಲಿ 2016ರಲ್ಲಿ ಗದ್ದೆಯನ್ನೆಲ್ಲ ತೋಟ ಮಾಡಿದರು. ಮೊದಲ ವರ್ಷ ಹಳೆಯ ಮೆದೆ ಇತ್ತು, ಯಾರಿಗೂ ಏನೂ ತಿಳಿಯಲಿಲ್ಲ. ಎರಡನೆಯ ವರ್ಷ ಹುಲ್ಲನ್ನು ಲಾರಿಯಲ್ಲಿ ತರಿಸಿದೆವು. ನಾಲ್ಕನೆಯ ವರ್ಷ ಐದು ದನಗಳಲ್ಲಿ ಮೂರನ್ನು ಕೊಟ್ಟೆವು. ಈಗ ಒಂದು ಹಸು ಇದೆ. ಗೊಬ್ಬರದ ಗುಂಡಿ ಅರ್ಧವೂ ತುಂಬುವುದಿಲ್ಲ, ತೋಟಕ್ಕೆ ಚೀಲದ ಗೊಬ್ಬರ ಬರುತ್ತದೆ. ನಮ್ಮ ಕಡೆ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟಿದ್ದು ಸೊಪ್ಪು ತರಲಿಕ್ಕೆ. ಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು ಗೊಬ್ಬರವಾಗಬೇಕಿತ್ತು. ದನವಿಲ್ಲದ ಮೇಲೆ ಸೊಪ್ಪು ಯಾರಿಗೆ? ಬೆಟ್ಟವೂ ಈಗ ಕೇಳುವವರಿಲ್ಲದೆ ಮುಳ್ಳು ಬೆಳೆದು ನಿಂತಿದೆ.

ಇನ್ನೊಂದು ವಿಷಯ. ಗದ್ದೆಯಿದ್ದಾಗ ಮನೆಯ ಕೆಳಗಿನ ಬಾವಿಯಲ್ಲಿ ಯುಗಾದಿಯ ಹೊತ್ತಿಗೂ ಹಗ್ಗ ಎಂಟು ಮಾರು ಇಳಿದರೆ ಕೊಡ ಮುಳುಗುತ್ತಿತ್ತು. ನಾಲ್ಕು ತಿಂಗಳು ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದ ಗದ್ದೆಯೇ ಬಾವಿಗೆ ಉಣಿಸುತ್ತಿತ್ತು ಎಂಬುದು ಅದು ಹೋದ ಮೇಲೆ ಗೊತ್ತಾಯಿತು. ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು ನಾವೇ ಕಾಲುವೆ ತೆಗೆದು ಹೊಳೆಗೆ ಓಡಿಸುತ್ತೇವೆ, ಮಾರ್ಚ್‌ನಲ್ಲಿ ಅದೇ ನೀರಿಗೆ ಕೊಳವೆಬಾವಿ ಕೊರೆಸುತ್ತೇವೆ. ಈ ವರ್ಷ ಹನ್ನೊಂದು ಮಾರು ಹಗ್ಗ ಬಿಟ್ಟೆ.

ಲೆಕ್ಕದ ಪುಸ್ತಕ (ಸಾಗರ)

ಹುಲ್ಲುಮೆದೆಯವರಿಗೆ ತಲೆಬಾಗುತ್ತೇನೆ. ನಾನು ಹುಲ್ಲನ್ನು ಆದಾಯಕ್ಕೆ ಸೇರಿಸಿರಲಿಲ್ಲ, ಮಾರುವುದಿಲ್ಲ ಎಂಬ ಕಾರಣಕ್ಕೆ. ಆದರೂ ಒಂದು ಮಾತು: ಬಾವಿಯ ನೀರು ಊರಿಗೆಲ್ಲ, ನಷ್ಟ ಗದ್ದೆಯವನೊಬ್ಬನಿಗೆ. ಇದು ನ್ಯಾಯವಲ್ಲ.

ಗಡಿಯಾಚೆ (ಕಾಸರಗೋಡು)

ಕೇರಳದಲ್ಲಿ 2008ರಲ್ಲಿಯೇ ಭತ್ತದ ಗದ್ದೆ ಮತ್ತು ಜೌಗುಭೂಮಿಯ ರಕ್ಷಣೆಗೆ ಕಾಯ್ದೆ ಬಂದಿದೆ. ಗದ್ದೆಯನ್ನು ಮನಸ್ಸಿಗೆ ಬಂದಂತೆ ಮಣ್ಣು ತುಂಬಿ ಬದಲಾಯಿಸುವಂತಿಲ್ಲ. ಕಾಸರಗೋಡಿನ ಕನ್ನಡಿಗರಾದ ನಮಗೂ ಅದು ಅನ್ವಯಿಸುತ್ತದೆ. ಕರ್ನಾಟಕದಲ್ಲಿಯೂ ಅಂಥದ್ದು ಬೇಕು.

ಕೆಂಪಡಿಕೆ

ಬೇಡ. ನನ್ನ ಜಮೀನಿನಲ್ಲಿ ಏನು ಬೆಳೆಯಬೇಕೆಂದು ತಹಸೀಲ್ದಾರರನ್ನು ಕೇಳಿ ಬರಲು ನಾನು ಸಿದ್ಧನಿಲ್ಲ. ಕಾಯ್ದೆ ಇರುವ ಕಡೆ ಗದ್ದೆ ಉಳಿದಿದೆಯೇ, ಅಥವಾ ಹುಲ್ಲು ಬೆಳೆದ ಪಾಳುಭೂಮಿ ಉಳಿದಿದೆಯೇ?

ಗಡಿಯಾಚೆ (ಕಾಸರಗೋಡು)

ಎರಡೂ ಉಳಿದಿವೆ. ಪಾಳುಬಿದ್ದ ಗದ್ದೆಯನ್ನು ನಾಳೆ ಮತ್ತೆ ಉಳಬಹುದು. ಮಣ್ಣು ತುಂಬಿ ಮನೆ ಕಟ್ಟಿದ ಗದ್ದೆಯನ್ನು ಉಳುವುದು ಹೇಗೆ?

ಹಡಿಲು (ಉಡುಪಿ)

ಅದು ನಿಜ. 2021ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು (ಪಾಳು) ಬಿದ್ದ ಗದ್ದೆಗಳನ್ನು ಮತ್ತೆ ಉಳುವ ಆಂದೋಲನ ನಡೆಯಿತು. ನಮ್ಮ ಬೈಲಿನಲ್ಲಿ ಇಪ್ಪತ್ತು ವರ್ಷದಿಂದ ನೀರುಕೋಳಿ ಮಾತ್ರ ಓಡಾಡುತ್ತಿದ್ದ ಮಡಿಗಳಲ್ಲಿ ಆ ವರ್ಷ ಪೈರು ನಿಂತಿತು. ಎಲ್ಲವೂ ಮುಂದುವರಿಯಲಿಲ್ಲ ಎಂಬುದನ್ನೂ ಹೇಳಬೇಕು. ತಗ್ಗು ಗದ್ದೆಯವರಿಗೆ ನನ್ನ ಸಲಹೆಯೆಂದರೆ ಮೊದಲು ತಳಿಯನ್ನು ಬದಲಿಸಿ ನೋಡಿ. ಬ್ರಹ್ಮಾವರದ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿಯನ್ನು ನಾನು ಮೂರು ವರ್ಷದಿಂದ ನೀರು ನಿಲ್ಲುವ ಮಡಿಯಲ್ಲಿ ಹಾಕುತ್ತಿದ್ದೇನೆ, ತಾಳಿಕೊಂಡಿದೆ. ಕುಮಟಾದ ಅಘನಾಶಿನಿ ಹೊಳೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕಗ್ಗ ಭತ್ತ ಉಪ್ಪುನೀರಿನಲ್ಲಿಯೇ ಬೆಳೆಯುತ್ತದೆ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಸಮುದ್ರ ಏರುತ್ತದೆಂದು ಹೆದರುವ ಕಾಲಕ್ಕೆ ಬೇಕಾದ ಬೀಜವನ್ನು ಅಲ್ಲಿಯ ರೈತರು ಎಂದೋ ಸಿದ್ಧಮಾಡಿಟ್ಟಿದ್ದಾರೆ. ದುಃಖವೆಂದರೆ ಅಲ್ಲಿಯೂ ಭತ್ತಕ್ಕಿಂತ ಸಿಗಡಿಗೆ ಹೆಚ್ಚು ಹಣ.

ವೈದ್ಯರ ಮಗ

ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಇದನ್ನು ಯಾರೂ ಪ್ರಸ್ತಾಪಿಸಲಿಲ್ಲವೇಕೆ?

ಕೆಂಪಡಿಕೆ

ಬಂದಿರಾ? ನಿಮ್ಮನ್ನೇ ಕಾಯುತ್ತಿದ್ದೆ.

ನಾಲೆಯ ಕೊನೆ (ದಾವಣಗೆರೆ)

ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಅದಕ್ಕೆ ಸಂಬಂಧಿಸಿದ್ದು ಇಷ್ಟೇ: ನಲವತ್ತು ವರ್ಷದ ಬೆಳೆ ಹಾಕುವವನು ಮಳೆಯ ಮೇಲೆ ಮಾತ್ರ ಪಣ ಕಟ್ಟುವುದಿಲ್ಲ, ಮಾರುಕಟ್ಟೆಯ ಮೇಲೂ ಕಾನೂನಿನ ಮೇಲೂ ಕಟ್ಟುತ್ತಾನೆ. 2023ರಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದರಿಂದ ನಮಗೆ ಸ್ವಲ್ಪ ಉಸಿರಾಡಲು ಆಯಿತು. ಸಸಿ ಇಟ್ಟು ಆರು ವರ್ಷಕ್ಕೆ ಫಸಲು ಬರುವಾಗ ಆ ಬೆಲೆ ಇರುತ್ತದೆಯೇ, ದೆಹಲಿಯಲ್ಲಿ ಯಾರಿರುತ್ತಾರೆ, ಗುಟ್ಕಾ ಕಾನೂನು ಏನಿರುತ್ತದೆ, ಭದ್ರೆಯಲ್ಲಿ ನೀರೆಷ್ಟಿರುತ್ತದೆ? ಭತ್ತ ಹಾಕಿದವನು ಡಿಸೆಂಬರಿನಲ್ಲಿ ಮನಸ್ಸು ಬದಲಿಸಬಹುದು. ಮುಂದಿನ ವರ್ಷ ತಳಿ ಬದಲಿಸಬಹುದು, ರಾಗಿ ಹಾಕಬಹುದು, ಏನನ್ನೂ ಹಾಕದೆಯೂ ಇರಬಹುದು. ಇಂಥ ಕಾಲದಲ್ಲಿ ಆ ಸ್ವಾತಂತ್ರ್ಯಕ್ಕೂ ಒಂದು ಬೆಲೆಯಿದೆ. ಲೆಕ್ಕದ ಪುಸ್ತಕದವರು ಅದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೋ ಕಾಣೆ.

ಲೆಕ್ಕದ ಪುಸ್ತಕ (ಸಾಗರ)

ಬ್ಯಾಂಕಿನವರು ಅದನ್ನು ಯಾವ ಕಾಲಂನಲ್ಲಿಯೂ ಬರೆದುಕೊಳ್ಳುವುದಿಲ್ಲ ಎಂಬುದು ಮಾತ್ರ ನನಗೆ ಗೊತ್ತು. ಮಗಳ ಓದಿಗೆ ಸಾಲ ಕೇಳಲು ಹೋದಾಗ ಅವರು ಪಹಣಿಯಲ್ಲಿ ನೋಡಿದ್ದು ಅಡಿಕೆ ಎಷ್ಟು ಎಕರೆ ಎಂಬುದನ್ನು.

ಒಣನೆಲ (ಚನ್ನಗಿರಿ)

ಆ ಮಾತಿಗೆ ನನ್ನಲ್ಲಿಯೂ ಉತ್ತರವಿಲ್ಲ. ನಮ್ಮ ಮನೆಯ ತಾರಸಿಯೂ ಅಡಿಕೆಯಿಂದಲೇ ಬಂದದ್ದು.

ಗದ್ದೆಬದಿಯವನು (ಸೊರಬ ತಾಲ್ಲೂಕು)

ಇಷ್ಟು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಹುಲ್ಲುಮೆದೆಯವರ ಬರಹವನ್ನು ರಾತ್ರಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ಅಮ್ಮ ಏನೂ ಹೇಳಲಿಲ್ಲ, ತಮ್ಮನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು ಅಷ್ಟೇ. ನಂತರ ಇಬ್ಬರೂ ಟಾರ್ಚ್ ಹಿಡಿದು ಗದ್ದೆಗೆ ಹೋದೆವು. ತಮ್ಮ ಬಹಳ ವರ್ಷದ ಮೇಲೆ ಬದುವಿನ ಮೇಲೆ ಕುಳಿತು ಏಡಿ ಬಿಲಗಳಿಗೆ ಜೇಡಿಮಣ್ಣು ಒತ್ತಿದ.

ಸದ್ಯಕ್ಕೆ ಹೀಗೆ ಒಪ್ಪಂದವಾಗಿದೆ. ಮೇಲಿನ ಅರ್ಧ ಎಕರೆ ಎತ್ತರದಲ್ಲಿದ್ದು ಗಾಳಿಯಾಡುತ್ತದೆ, ಹೇಗೂ ಅಲ್ಲಿ ನೀರು ನಿಲ್ಲುವುದಿಲ್ಲ, ಆದ್ದರಿಂದ ಅದು ತಮ್ಮನ ಪಾಲಿಗೆ. ಅಲ್ಲಿ ಅವನು ಅಡಿಕೆಯ ಜೊತೆ ಕಾಳುಮೆಣಸನ್ನೂ ಏರಿಸುತ್ತಾನಂತೆ. ಕೆಳಗಿನ ಒಂದೂವರೆ ಎಕರೆ ಐದು ವರ್ಷ ಗದ್ದೆಯಾಗಿಯೇ ಇರುತ್ತದೆ, ಆಮೇಲೆ ಮತ್ತೆ ಜಗಳವಾಡುವ ಹಕ್ಕನ್ನು ಇಬ್ಬರೂ ಕಾಯ್ದಿರಿಸಿಕೊಂಡಿದ್ದೇವೆ. ಪಕ್ಕದವರ ಬಸಿಗಾಲುವೆಯ ಕಡೆಯ ಬದುವನ್ನು ಎರಡಡಿ ಅಗಲ ಮಾಡಲು ಅವರೂ ಒಪ್ಪಿದ್ದಾರೆ, ಮಣ್ಣು ಅವರದು, ಆಳು ನನ್ನದು. ಎಲೆಚುಕ್ಕಿಗೆ ಈ ಸಲ ನಾಲ್ಕೂ ಮನೆಯವರು ಸೇರಿ ಒಂದೇ ವಾರದಲ್ಲಿ ಸಿಂಪಡಿಸಬೇಕೆಂದು ಮಾತಾಗಿದೆ, ಮಳೆ ಎರಡು ದಿನ ಬಿಡುವು ಕೊಟ್ಟರೆ.

ಈಗ ಬೀಜದ ಪ್ರಶ್ನೆ. ನಮ್ಮ ತಾಲ್ಲೂಕಿನಲ್ಲಿ ಹಿಂದೆ ನೆರೆಗುಳಿ ಎಂಬ ತಳಿಯಿತ್ತು, ವರದಾ ಹೊಳೆ ಏರಿ ಪೈರು ಮುಳುಗಿದರೂ ನೀರಿಳಿದ ಮೇಲೆ ಮತ್ತೆ ಚಿಗುರುತ್ತಿತ್ತು. ಅಪ್ಪನ ಕಾಲಕ್ಕೆ ನಮ್ಮ ಕಣಜದಿಂದ ಅದು ಹೋಯಿತು. ಒಂದೂವರೆ ಎಕರೆಗೆ ಬೇಕಾಗುವಷ್ಟು ಬೀಜ ಯಾರ ಬಳಿಯಾದರೂ ಇದೆಯೇ? ಸಸಿಮಡಿಗೆ ಇನ್ನು ಹತ್ತು ದಿನ ಮಾತ್ರ ಸಮಯವಿದೆ.

ಹಳೆಯ ಕೊಟ್ಟೆ (ತೀರ್ಥಹಳ್ಳಿ)

ನಮ್ಮಲ್ಲಿಲ್ಲ. ಆದರೆ ಐದು ವರ್ಷದ ಕರಾರು ಚೆನ್ನಾಗಿದೆ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಣ್ಣತಮ್ಮಂದಿರ ನೆನಪು ಅಡಿಕೆ ದರದಂತೆ ಏರಿಳಿಯುತ್ತದೆ.

ಹೊಳೆಸಾಲು (ಸೊರಬ)

ಇಷ್ಟು ಹೊತ್ತು ಓದುತ್ತಾ ಮಾತ್ರ ಇದ್ದೆ. ನೆರೆಗುಳಿ ನನ್ನಲ್ಲಿ ಎರಡು ಚೀಲವಿದೆ, ಹೋದ ವರ್ಷದ್ದು. ಒಂದು ಚೀಲ ನಿಮಗೆ. ಹಣ ಬೇಡ, ಬೆಳೆದ ಮೇಲೆ ಒಂದೂವರೆ ಚೀಲ ಹಿಂದಿರುಗಿಸಬೇಕು, ನಮ್ಮ ಕಡೆಯ ವಾಡಿಕೆ ಅದೇ. ಮುಂಚೆ ಒಂದು ಹಿಡಿಯನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ಮೊಳಕೆ ನೋಡಿ, ಈ ವರ್ಷ ಮೇ ತಿಂಗಳ ಮಳೆಗೆ ಚೀಲದ ತಳ ಸ್ವಲ್ಪ ತೇವವಾಗಿತ್ತು.